ಹೂಂ ಅನ್ನೋರು ಯಾರೂ ಇಲ್ಲೇನು?

ನಾನು ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತೇನೆ. 2020ರ ಮಾರ್ಚ್‌ನಲ್ಲಿ ಅವ್ವನ ಕಣ್ಣಿನ ಆಪರೇಷನ್ ಅಂತ ಎರಡು ವಾರ ರಜೆ ಹಾಕಿ ಇಳಕಲ್‌ಗೆ ಹೋಗಿದ್ದೆ. ಮಾರ್ಚ್ 22ಕ್ಕೆ ಹೊರದೇಶದ ವಿಮಾನ ಬಂದ್. 25ಕ್ಕೆ ಲಾಕ್‌ಡೌನ್. ವಾಪಸ್ ಬಂದಿದ್ದು ಆಗಸ್ಟ್‌ನಲ್ಲಿ.

ಇಂಗ್ಲೆಂಡಿನಲ್ಲಿ ಕ್ಯಾಂಪಸ್ ಮುಚ್ಚಿದ್ದರೂ ಪಾಠ ನಿಂತಿರಲಿಲ್ಲ. ಪಡಸಾಲೆಯಲ್ಲಿ ಜೋಳದ ಚೀಲದ ಮೇಲೆ ಲ್ಯಾಪ್‌ಟಾಪ್ ಇಟ್ಟು, ಫೋನಿನ ಹಾಟ್‌ಸ್ಪಾಟ್ ಹಾಕಿ ಶುರು ಮಾಡಿದೆ. ಇಂಗ್ಲೆಂಡಿನ ಮಧ್ಯಾಹ್ನ ಎರಡರ ಕ್ಲಾಸ್ ಅಂದರೆ ಇಳಕಲ್‌ನ ಸಂಜೆ ಏಳೂವರೆ. ಮಾರ್ಚ್ 29ರಂದು ಇಂಗ್ಲೆಂಡಿನವರು ಬೇಸಿಗೆಗೆ ಅಂತ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸಿದರು. ಅಲ್ಲಿಗೆ ನನ್ನ ಕ್ಲಾಸ್ ಆರೂವರೆಗೇ. ನನಗೆ ನೆನಪೇ ಇಲ್ಲ! ಮರುದಿನ ಏಳೂವರೆಗೆ ಲಾಗಿನ್ ಆದರೆ ಕ್ಲಾಸಿನ ಹೊತ್ತು ಮುಗಿದೇ ಹೋಗಿತ್ತು. ಇನ್ನೂ ಇಬ್ಬರು ಇದ್ದರು. ಕರೆದರೆ ಇಬ್ಬರೂ ಓ ಅನ್ನಲಿಲ್ಲ.

ಕ್ಯಾಮೆರಾ ಯಾರೂ ಹಾಕುತ್ತಿರಲಿಲ್ಲ. ಪರದೆ ತುಂಬಾ ಕಪ್ಪು ಚೌಕ. ಪಕ್ಕದ ಮನೆಯಲ್ಲಿ, ಇದ್ದ ನೂಲು ಮುಗಿಯುವವರೆಗೆ, ಕುಣಿಮಗ್ಗ ನಡೆಯುತ್ತಿತ್ತು. ಒಬ್ಬ ಹುಡುಗ ಚಾಟ್‌ನಲ್ಲಿ ‘ಅದೇನು ಟಕಟಕ ಸದ್ದು?’ ಅಂತ ಬರೆದ. ಆ ವಾರ ಬಂದ ಪ್ರಶ್ನೆ ಅದೊಂದೇ.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. “ಯವ್ವಾ, ಒಬ್ಬಾಕಿನ ಮಾತಾಡಾಕತ್ತಿಯಲ್ಲ. ಆ ಕಡಿಂದ ಹೂಂ ಅನ್ನೋರು ಯಾರೂ ಇಲ್ಲೇನು?”

ಕಥೆ ಕೇಳುವಾಗ ಒಬ್ಬರಾದರೂ ಹೂಂಗುಟ್ಟಬೇಕು, ಅಲ್ವಾ? ಹೂಂ ನಿಂತರೆ ನಮ್ಮಜ್ಜಿ ಕಥೆಯನ್ನೂ ನಿಲ್ಲಿಸುತ್ತಿದ್ದಳು. ನಾನು ಯಾರೂ ಹೂಂ ಅನ್ನದೆ ಐವತ್ತು ನಿಮಿಷ ಸುಮ್ನೆ ಒದರುತ್ತಿದ್ದೆ.

ಈಸ್ಟರ್ ರಜೆ ಮುಗಿದ ಮೇಲೆ ಪಾಠವನ್ನು ಹತ್ತತ್ತು ನಿಮಿಷದ ವಿಡಿಯೊ ಮಾಡಿದೆ. ನೆಟ್ ಚುರುಕಾಗುವ ರಾತ್ರಿ ಹನ್ನೆರಡರ ಮೇಲೆ ಅಪ್‌ಲೋಡ್. ಕ್ಲಾಸಿನಲ್ಲಿ ಬರೀ ಲೆಕ್ಕ, ಐದು ನಿಮಿಷಕ್ಕೊಂದು ಪ್ರಶ್ನೆ. ‘ಈ ಸರಾಸರಿಯನ್ನು ನಂಬಬಹುದಾ?’ ಹೌದು, ಇಲ್ಲ, ಗೊತ್ತಿಲ್ಲ: ಒಂದು ಒತ್ತಿದರೆ ಸಾಕು, ಹೆಸರು ಕಾಣುವುದಿಲ್ಲ. ‘ಗೊತ್ತಿಲ್ಲ’ ಒತ್ತಿದವರೇ ಜಾಸ್ತಿ. ನನಗೆ ಬೇಕಾಗಿದ್ದ ಹೂಂ ಅದೇ.

ಸೆಪ್ಟೆಂಬರ್ ಕೊನೆಗೆ ಅರ್ಧ ಹಾಲ್, ಅರ್ಧ ಆನ್‌ಲೈನ್ ಅಂತ ಶುರುವಾಯಿತು. ನನ್ನ ಕೇಳಿದರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಎದುರಿಗೆ ಮಾಸ್ಕ್ ಹಾಕಿ ದೂರದೂರ ಕೂತ ಹದಿನೈದು ಮಂದಿ. ಮಿಕ್ಕವರು ತಮ್ಮ ರೂಮಿನಲ್ಲಿ. ಎದುರಿಗಿದ್ದವರ ಜೊತೆ ಮಾತಿಗಿಳಿದರೆ ಪರದೆಯವರು ಮರೆತೇ ಹೋಗುತ್ತಿದ್ದರು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು (ಮಗ್ಗದ ಉದ್ದಕ್ಕೆ ಕಟ್ಟಿದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಾರೆ. ನಮ್ಮ ಕ್ಲಾಸಿಗೆ ಆ ಕೊಂಡಿ ಇರಲಿಲ್ಲ. ಕೊನೆಗೆ, ಹಾಲ್‌ನಲ್ಲಿದ್ದ ಒಬ್ಬ ಹುಡುಗಿಗೆ ಚಾಟ್ ನೋಡಿ ಜೋರಾಗಿ ಓದುವ ಕೆಲಸ ಕೊಟ್ಟೆ. ಅರ್ಧ ತಾಪತ್ರಯ ಅಲ್ಲಿಗೇ ಮುಗಿಯಿತು. 2021ರ ಜನವರಿಯಲ್ಲಿ ಇಂಗ್ಲೆಂಡ್ ಮತ್ತೆ ಲಾಕ್‌ಡೌನ್ ಆಗಿ ನಾವೆಲ್ಲ ಪರದೆಗೇ ವಾಪಸ್.

ಈಗ ಎಲ್ಲರೂ ಹಾಲ್‌ಗೇ ಬರಬೇಕು. ವಿಡಿಯೊ ಮಾತ್ರ ಹಾಗೇ ಇವೆ. ಹಾಗಾಗಿ ಮಳೆ ಬಂದ ದಿನ ಹಾಲ್ ಅರ್ಧ ಖಾಲಿ. ಒಂದು ಹಳೇ ವಿಡಿಯೊದ ಏಳನೇ ನಿಮಿಷದಲ್ಲಿ ಅವ್ವ “ರೊಟ್ಟಿ ಆರಾಕತ್ಯಾವು, ಬಾ” ಅಂತ ಒಳಗಿನಿಂದ ಕೂಗುತ್ತಾಳೆ. ಅದನ್ನು ಇನ್ನೂ ಕತ್ತರಿಸಿಲ್ಲ.