ಶೀನಿಗೆ ಪ್ಲಾಟೆಯಿಂದ ಫೌಲ್‌ಹೋರ್ನ್‌ವರೆಗೆ

ಸ್ವಿಟ್ಜರ್‌ಲೆಂಡಿನ ಬರ್ನ್ ನಗರದಲ್ಲಿರುವ ಮಗನ ಮನೆಗೆ ಹೋಗಿದ್ದಾಗ, ಜುಲೈ ತಿಂಗಳ ಮೊದಲ ವಾರದ ಒಂದು ಬೆಳಿಗ್ಗೆ, ನಾವಿಬ್ಬರೂ ವಿಲ್ಡರ್ಸ್‌ವಿಲ್ ಎಂಬ ಊರಿನಲ್ಲಿ ಮರದ ಬೆಂಚುಗಳ ಪುಟ್ಟ ರೈಲನ್ನು ಹತ್ತಿದೆವು. 1893ರಿಂದ ಓಡುತ್ತಿರುವ ಈ ರೈಲಿಗೆ ಹಳಿಗಳ ನಡುವೆ ಇನ್ನೊಂದು ಹಲ್ಲಿನ ಪಟ್ಟಿಯಿದೆ. ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಉರುಳುವುದರಿಂದ, ಸಾಧಾರಣ ರೈಲು ಜಾರಿಬಿಡುವಂಥ ಏರಿನಲ್ಲಿಯೂ ಅದು ನಿಧಾನವಾಗಿ, ನಡುವೆ ಎಲ್ಲಿಯೂ ದಮ್ಮು ಕಳೆದುಕೊಳ್ಳದೆ ಹತ್ತುತ್ತದೆ. ಐವತ್ತು ನಿಮಿಷಗಳಲ್ಲಿ ಸುಮಾರು 1,400 ಮೀಟರ್ ಮೇಲೇರಿ ಶೀನಿಗೆ ಪ್ಲಾಟೆ ನಿಲ್ದಾಣದಲ್ಲಿ ಇಳಿದಾಗ, ಅಲ್ಲಿನ ಎತ್ತರ 1,967 ಮೀಟರ್ ಎಂದು ಮಗ ಹೇಳಿದ. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಮುಳ್ಳಯ್ಯನಗಿರಿಯ ತುದಿ ಮುಟ್ಟಿದ್ದನ್ನು ಇಂದಿಗೂ ನೆನೆಯುವ ನನಗೆ, ಕರ್ನಾಟಕದ ಅತಿ ಎತ್ತರದ ನೆಲಕ್ಕಿಂತ ಮೇಲೆ ನಿಂತು ಅಲ್ಲಿಂದ ನಡಿಗೆಯನ್ನು ಆರಂಭಿಸಬೇಕೆಂಬುದು ನಂಬಲು ಕಷ್ಟವಾದ ಮಾತಾಗಿತ್ತು.

ನಿಲ್ದಾಣದಿಂದ ಹೊರಗೆ ಬಂದ ಕೂಡಲೇ ದಕ್ಷಿಣಕ್ಕೆ ಐಗರ್, ಮ್ಯೋಂಖ್, ಯುಂಗ್‌ಫ್ರೌ ಮೂರೂ ಕಂಡವು. 4,158 ಮೀಟರ್ ಎತ್ತರದ ಯುಂಗ್‌ಫ್ರೌ ಬೆಳಗಿನ ಬಿಸಿಲಿನಲ್ಲಿ ಕಣ್ಣು ಕುಕ್ಕುವಷ್ಟು ಬೆಳ್ಳಗಿತ್ತು. ಇಷ್ಟೊಂದು ಹಿಮವನ್ನು ನಾನು ಒಮ್ಮೆಗೇ ನೋಡಿದ್ದು ಅದೇ ಮೊದಲು. ರೈಲಿನಲ್ಲಿ ಬಂದವರಲ್ಲಿ ಹೆಚ್ಚಿನವರು ಅಲ್ಲಿಯೇ ಕುಳಿತು ನೋಡಿ, ಪಕ್ಕದ ಆಲ್ಪೈನ್ ಸಸ್ಯೋದ್ಯಾನವನ್ನು ಸುತ್ತಿ ಹಿಂದಿರುಗುತ್ತಾರೆ. ನಾವು ಮುಂದೆ ಫೌಲ್‌ಹೋರ್ನ್ ಶಿಖರವನ್ನು ದಾಟಿ ಫಿರ್ಸ್ಟ್ ಎಂಬಲ್ಲಿಗೆ ಸುಮಾರು 16 ಕಿಲೋಮೀಟರ್ ನಡೆಯಬೇಕಿತ್ತು.

ಅಲ್ಲಿನ ದಾರಿಗಳಲ್ಲಿ ಹಳದಿ ಫಲಕಗಳಿರುತ್ತವೆ, ಆದರೆ ಅವುಗಳಲ್ಲಿ ಕಿಲೋಮೀಟರ್ ಇರುವುದಿಲ್ಲ, ಗಂಟೆ ಮತ್ತು ನಿಮಿಷಗಳಿರುತ್ತವೆ. ಬೆಟ್ಟದಲ್ಲಿ ದೂರಕ್ಕಿಂತ ಏರಿಳಿತವೇ ಕಾಲನ್ನು ತಿನ್ನುವುದರಿಂದ ಈ ಕ್ರಮ ಬಹಳ ಸರಿಯಾದದ್ದು ಎಂದು ನನಗೆ ಅನ್ನಿಸಿತು. ನಮ್ಮ ಕುದುರೆಮುಖದ ದಾರಿಗೂ ಇಂಥ ಫಲಕಗಳಿದ್ದರೆ ಎಷ್ಟೋ ಜನ ಕತ್ತಲಾಗುವ ಮುಂಚೆ ಕೆಳಗಿಳಿಯುತ್ತಿದ್ದರು. ಫಲಕದ ತುದಿಯಲ್ಲಿ ಬಿಳಿ, ಕೆಂಪು, ಬಿಳಿ ಪಟ್ಟೆಯಿದ್ದರೆ ಅದು ಬೆಟ್ಟದ ದಾರಿ, ಗಟ್ಟಿ ಬೂಟು ಮತ್ತು ಎಚ್ಚರದ ಹೆಜ್ಜೆ ಬೇಕು ಎಂದು ಅರ್ಥ. ಅಂಥ ಪಟ್ಟೆ ನಮ್ಮ ದಾರಿಯ ಬಂಡೆಗಳ ಮೇಲೆಲ್ಲ ಇತ್ತು. ಫಲಕದಲ್ಲಿ ಆರು ಗಂಟೆ ಎಂದಿದ್ದರೆ ಅದು ವಿಶ್ರಾಂತಿಯ ಲೆಕ್ಕವಿಲ್ಲದ ಆರು ಗಂಟೆ ಎಂಬುದನ್ನು ಮಗ ಮೊದಲೇ ಎಚ್ಚರಿಸಿದ್ದ. ನಾನು ಮಾತ್ರ ಊರಿನಲ್ಲಿ ಸಂಜೆಯ ನಡಿಗೆಗೆ ಹಾಕುವ ಶೂಗಳಲ್ಲಿಯೇ ಹೊರಟಿದ್ದೆ. ಅದು ನನ್ನ ತಪ್ಪು, ಅದರ ಫಲವನ್ನು ಮುಂದೆ ಉಂಡೆ.

ಮೊದಲ ಒಂದು ಗಂಟೆ ದಾರಿ ಏಣಿನ ಮೇಲೆಯೇ ಸಾಗುತ್ತದೆ. ಎಡಗಡೆ ನೋಡಿದರೆ ಕಾಲ ಕೆಳಗೇ ಎಂಬಂತೆ ಬ್ರಿಯೆಂಟ್ಸ್ ಸರೋವರದ ಹಸಿರುನೀಲಿ ನೀರು, ಹಿಂದಕ್ಕೆ ತಿರುಗಿದರೆ ದೂರದಲ್ಲಿ ತೂನ್ ಸರೋವರ, ಎರಡರ ನಡುವಿನ ಸಮತಟ್ಟಿನಲ್ಲಿ ಇಂಟರ್‌ಲಾಕೆನ್ ಪಟ್ಟಣ. ಆಮೇಲೆ ದಾರಿ ಸೇಗಿಸ್ಟಾಲ್ ಎಂಬ ಕಣಿವೆಗೆ ಹೊಕ್ಕಿತು. ಹಿಮದ ಶಿಖರಗಳು ಒಂದೊಂದಾಗಿ ಮರೆಯಾದವು. ಅಲ್ಲಿಂದ ಎರಡು ಗಂಟೆಗಳಿಗೂ ಹೆಚ್ಚು ಕಾಲ ಸುತ್ತ ಬೂದು ಸುಣ್ಣಕಲ್ಲು, ಹುಲ್ಲು ಮತ್ತು ಆಕಾಶ ಬಿಟ್ಟರೆ ಬೇರೇನೂ ಇರಲಿಲ್ಲ. ಆ ದಿನದಲ್ಲಿ ನನಗೆ ಅತ್ಯಂತ ಪ್ರಿಯವಾಗಿ ಉಳಿದಿರುವುದು ಈ ಎರಡು ಗಂಟೆಗಳೇ. ಶಿಖರಗಳು ಕಣ್ಣನ್ನು ಸೆಳೆಯದಿದ್ದಾಗ ಕಾಲ ಬುಡದ ನೆಲ ಕಾಣಿಸತೊಡಗಿತು. ಕಡುನೀಲಿ ಜೆನ್ಶಿಯನ್ ಹೂಗಳು ಹುಲ್ಲಿಗೆ ಅಂಟಿಕೊಂಡೇ ಅರಳಿದ್ದವು. ಮೊಣಕಾಲೆತ್ತರವೂ ಇಲ್ಲದ ಪೊದೆಗಳಲ್ಲಿ ಕೆಂಪಾಗಿದ್ದ ಆಲ್ಪೆನ್‌ರೋಸ್, ನೀಲಗಿರಿಯ ಶೋಲಾ ಕಾಡಿನಲ್ಲಿ ಮರವಾಗಿ ಬೆಳೆಯುವ ರೋಡೋಡೆಂಡ್ರನ್ನಿನ ಬಳಗದ್ದೇ ಎಂದು ತಿಳಿದಾಗ, ನೆಂಟರ ಮನೆಯವರನ್ನು ಪರದೇಶದಲ್ಲಿ ಕಂಡಂತಾಯಿತು. ಕೆಳಗೆ ಒಂದು ಚಿಕ್ಕ ಸರೋವರವಿತ್ತು. ಅದರಿಂದ ಹೊರಗೆ ಹರಿಯುವ ತೊರೆ ಕಾಣುವುದಿಲ್ಲ. ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ನೀರು ನೆಲದೊಳಗೇ ಹೋಗುತ್ತದೆ. ಅದರ ದಂಡೆಯಲ್ಲಿ ಮೇಯುತ್ತಿದ್ದ ಹಸುಗಳ ಕೊರಳ ಗಂಟೆಗಳ ಸದ್ದು ಅಷ್ಟು ಎತ್ತರಕ್ಕೂ ತೇಲಿ ಬರುತ್ತಿತ್ತು. ಆಲ್ಪ್ ಎಂದರೆ ಅಲ್ಲಿಯ ಜನರಿಗೆ ಶಿಖರವಲ್ಲ, ಬೇಸಿಗೆಯಲ್ಲಿ ದನಗಳನ್ನು ಹೊಡೆದುಕೊಂಡು ಬರುವ ಎತ್ತರದ ಹುಲ್ಲುಗಾವಲು. ಈ ಅರ್ಥ ತಿಳಿದ ಮೇಲೆ ಆ ಪರ್ವತಗಳ ಹೆಸರೇ ನನಗೆ ಹತ್ತಿರವಾಯಿತು, ಏಕೆಂದರೆ ಕೊಪ್ಪದ ಕಡೆಯ ನಮ್ಮ ಮನೆಯಲ್ಲಿಯೂ ಗುಡ್ಡವೆಂದರೆ ಮೊದಲು ನೆನಪಾಗುತ್ತಿದ್ದುದು ದನ ಮೇಯಲು ಹೋಗುವ ಜಾಗ.

ಮೆಂಡ್ಲೆನೆನ್ ಎಂಬ ಕಣಿವೆದಾರಿಗೆ, 2,344 ಮೀಟರ್ ಎತ್ತರದಲ್ಲಿ ಕಲ್ಲಿನ ಗುಡಿಸಲಿರುವಲ್ಲಿಗೆ, ಹತ್ತುವ ಮುನ್ನ ಹಳೆಯ ಹಿಮದ ಒಂದು ಇಳಿಜಾರು ದಾರಿಗೆ ಅಡ್ಡಲಾಗಿತ್ತು. ಅಗಲ ಮೂವತ್ತು ಹೆಜ್ಜೆಗಿಂತ ಹೆಚ್ಚಿರಲಿಲ್ಲ. ನಾಲ್ಕನೆಯ ಹೆಜ್ಜೆಯಲ್ಲಿ ನನ್ನ ಶೂ ಜಾರಿತು. ಬಲ ಮೊಣಕಾಲು ಊರಿ ಬಿದ್ದೆ. ಕೆಳಗಿನ ಕಲ್ಲುರಾಶಿಯ ಕಡೆ ಕಣ್ಣು ಹೋದ ಮೇಲೆ ಏಳಲು ಧೈರ್ಯವಾಗಲಿಲ್ಲ. ಮಗ ಮುಂದೆ ಇದ್ದ, ತಿರುಗಿ ಬರಲು ಅವನಿಗೂ ಸುಲಭವಿರಲಿಲ್ಲ. ಆಗ ಎದುರಿನಿಂದ ಬರುತ್ತಿದ್ದ ವೃದ್ಧ ದಂಪತಿ, ಇಬ್ಬರಿಗೂ ಎಪ್ಪತ್ತು ದಾಟಿರಬೇಕು, ಬರ್ನ್ ಸೀಮೆಯವರು ಹೇಳುವಂತೆ ‘ಗ್ರೂಯೆಸ್ಸೆಖ್’ ಎಂದು ನಮಸ್ಕರಿಸಿದರು. ಆ ಹೆಂಗಸು ತನ್ನ ಎರಡು ಊರುಗೋಲುಗಳಲ್ಲಿ ಒಂದನ್ನು ನನ್ನ ಕೈಗಿತ್ತು, ಬೂಟಿನ ಅಂಚಿನಿಂದ ಹಿಮವನ್ನು ಒದ್ದು ಮೆಟ್ಟಿಲು ಮಾಡಿ ತೋರಿಸಿದಳು. ಒದೆಯಬೇಕು, ಕಾಲೂರಬೇಕು, ಭಾರ ಹಾಕಬೇಕು, ಆಮೇಲೆ ಮುಂದಿನ ಹೆಜ್ಜೆ. ನಮಗಿಬ್ಬರಿಗೂ ಒಂದು ಸಾಮಾನ್ಯ ಭಾಷೆ ಇರಲಿಲ್ಲ. ಅವಳು ಒದೆಯುತ್ತಾ ಹಿಂದಕ್ಕೆ ನಡೆದಳು, ನಾನು ಅವಳ ಮೆಟ್ಟಿಲುಗಳಲ್ಲಿ ಕಾಲಿಡುತ್ತಾ ಹಿಂಬಾಲಿಸಿದೆ. ತಾನು ಆಗಲೇ ದಾಟಿದ್ದ ಹಿಮವನ್ನು ಆಕೆ ನನಗಾಗಿ ಇನ್ನೆರಡು ಸಲ ದಾಟಿದಳು. ಆಚೆ ಬದಿಯಲ್ಲಿ ಊರುಗೋಲನ್ನು ಹಿಂದಿರುಗಿಸಹೋದರೆ ಮೊದಲು ಬೇಡವೆಂದು ಕೈಯಾಡಿಸಿದಳು. ಇಳಿಯುವ ದಾರಿಯಲ್ಲಿ ಅವಳಿಗೇ ಅದು ಹೆಚ್ಚು ಬೇಕೆಂದು ನಾನು ಒತ್ತಾಯಿಸಿ ಕೊಟ್ಟೆ.

“ಅಮ್ಮಾ, ಬೇಕಾದರೆ ಗುಡಿಸಲಿನಲ್ಲಿಯೇ ಇವತ್ತು ಉಳಿದುಬಿಡೋಣ” ಎಂದ ಮಗ. ಬಿಸಿ ಸೂಪು ಕುಡಿದ ಮೇಲೆ ಕಾಲನ್ನು ಮಡಚಿ ನೋಡಿದೆ. ನೋವಿತ್ತು, ಆದರೆ ಊತವಿರಲಿಲ್ಲ. ಮುಂದೆ ನಡೆದೆವು.

2,681 ಮೀಟರಿನ ಫೌಲ್‌ಹೋರ್ನ್ ತಲುಪಿದಾಗ ಮಧ್ಯಾಹ್ನ ಕಳೆದಿತ್ತು. ಫೌಲ್ ಎಂದರೆ ಕೊಳೆತದ್ದು. ಪುಡಿಪುಡಿಯಾಗುವ ಅದರ ಕಪ್ಪು ಕಲ್ಲಿನಿಂದಾಗಿ ಆ ಹೆಸರು. ತುದಿಯ ಪಕ್ಕದಲ್ಲಿಯೇ ಸುಮಾರು 1830ರ ಹೊತ್ತಿಗೆ ಕಟ್ಟಿದ ಹೋಟೆಲೊಂದಿದೆ. ಅಲ್ಲಿಂದ ಐಗರ್, ಶ್ರೆಕ್‌ಹೋರ್ನ್, ಆ ಸಾಲಿಗೆಲ್ಲ ಎತ್ತರವಾದ 4,274 ಮೀಟರಿನ ಫಿನ್‌ಸ್ಟರಾರ್‌ಹೋರ್ನ್ ಎಲ್ಲವೂ ಕಾಣಬೇಕಿತ್ತು. ನಾವು ಕಂಡದ್ದು ಮೋಡ. ಮುಕ್ಕಾಲು ಗಂಟೆ ಗೋಡೆಯ ಮರೆಯಲ್ಲಿ ಕುಳಿತು, ತಂದಿದ್ದ ಚಪಾತಿ ಮತ್ತು ನಿಂಬೆ ಉಪ್ಪಿನಕಾಯಿ ತಿಂದೆವು. ಪಶ್ಚಿಮದಲ್ಲಿ ಗುಡುಗಿದ ಸದ್ದು ಕೇಳಿದಾಗ ಮಗ ಚೀಲ ಕಟ್ಟಿದ. ಬೋಳು ಏಣಿನ ಮೇಲೆ ಸಿಡಿಲಿಗೆ ಮನುಷ್ಯನೇ ಎತ್ತರದ ವಸ್ತುವಾಗುತ್ತಾನೆ. ಅಲ್ಲಿ ಕಾಯುವುದು ಸಲ್ಲದು ಎಂಬ ಅವನ ಮಾತಿಗೆ ನಾನು ಎದುರಾಡಲಿಲ್ಲ.

ಇಳಿಜಾರಿನಲ್ಲಿ ಮಳೆ ಹತ್ತು ನಿಮಿಷ ಹೊಯ್ದು ನಿಂತಿತು. ಬಾಖಾಲ್ಪ್‌ಸೇ ಸರೋವರದ ದಂಡೆಯಲ್ಲಿ ಶೂ ಕಳಚಿ, ಮೊಣಕಾಲಿಗೆ ತಣ್ಣೀರು ಸುರಿದುಕೊಂಡೆ. ಅಲ್ಲಿಂದ ಫಿರ್ಸ್ಟ್‌ವರೆಗೆ ದಾರಿ ಅಗಲವಾಗಿ, ಮಕ್ಕಳೂ ನಡೆಯುವಷ್ಟು ಸುಲಭವಾಗಿತ್ತು. ನಾನು ಮಗನ ಭುಜ ಹಿಡಿದು ನಡೆದೆ.

ಗ್ರಿಂಡೆಲ್‌ವಾಲ್ಡ್‌ಗೆ ಇಳಿಯುವ ಕೇಬಲ್ ಕಾರಿನಲ್ಲಿ ಕುಳಿತಾಗ ಮೋಡ ಒಡೆದಿತ್ತು. ಬೆಳಿಗ್ಗೆ ದೂರದ ಬಿಳಿಯ ತುದಿಯಾಗಿದ್ದ ಐಗರ್ ಈಗ ಎದುರಿನಲ್ಲಿಯೇ ಗೋಡೆಯಾಗಿ ನಿಂತಿತ್ತು. 1938ರಲ್ಲಿ ನಾಲ್ವರು ಮೊದಲ ಬಾರಿ ಹತ್ತಿದ ಉತ್ತರ ಮುಖ ಅದು, ಸುಮಾರು 1,800 ಮೀಟರ್ ಎತ್ತರ. ವರ್ಷದ ಹೆಚ್ಚಿನ ಕಾಲ ನೆರಳಿನಲ್ಲಿರುವ ಆ ಬಂಡೆಯ ಮೇಲೆ ಬೇಸಿಗೆಯ ಸಂಜೆಯ ಓರೆ ಬಿಸಿಲು ಬಿದ್ದು, ಅದರ ಒಂದೊಂದು ಬಿರುಕು, ಬಿರುಕಿನಲ್ಲಿ ಕುಳಿತ ಹಿಮ ಎಲ್ಲವೂ ಬೇರೆಬೇರೆಯಾಗಿ ಕಾಣುತ್ತಿತ್ತು. ನಾವಿಬ್ಬರೂ ಮಾತಾಡಲಿಲ್ಲ. ಕೆಳಗಿನ ಸ್ಪ್ರೂಸ್ ಮರಗಳು ಮೇಲೆ ಬಂದು ಅದನ್ನು ಮರೆಮಾಡುವವರೆಗೆ ನೋಡುತ್ತಾ ಕುಳಿತೆವು.