ತಾಗಲಾರ್ದ ಮತ್ತೆಲ್ಲಿ ಇರ್ತಾವ್ರೀ?

ಈ ವಾರ ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ, ಕೊಟ್ಟ ಒಂದು ಉತ್ತರ ಇನ್ನೂ ನನ್ನ ತಲೆಯಿಂದ ಹೋಗಿಲ್ಲ. ಅವರ ವಾಸಿಯಾಗದ ದವಡೆ ನೋವಿಗೆಂದು ಡೆಂಟಲ್ ಕಾಲೇಜಿನ ಓಪಿಡಿಯಲ್ಲಿದ್ದೆವು. ಡಾಕ್ಟರು ಇನ್ನೂ ಓದುತ್ತಿರುವ ಹುಡುಗಿ. ವೈನಿಯ ಎರಡೂ ಕಿವಿಗಳ ಮುಂದೆ ಬೆರಳಿಟ್ಟು ಬಾಯಿ ತೆರೆಸಿ, ಮುಚ್ಚಿಸಿ ನೋಡಿದರು. ಆಮೇಲೆ ಕೈ ತೆಗೆದು, ಸುಮ್ಮನೆ ಮಾತಾಡಿಸುವ ದನಿಯಲ್ಲಿ ಕೇಳಿದರು: "ಅಕ್ಕಾರ, ಈಗ ಸುಮ್ನ ಕುಂತೀರಲ್ಲ, ನಿಮ್ಮ ಮ್ಯಾಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗ್ಯಾವೇನ್ರಿ?"

ವೈನಿ ಒಂದು ಕ್ಷಣ ನನ್ನ ಮುಖ ನೋಡಿದರು. "ತಾಗಲಾರ್ದ ಮತ್ತೆಲ್ಲಿ ಇರ್ತಾವ್ರೀ?"

ಡಾಕ್ಟರು ನಗಲಿಲ್ಲ. ಈ ಹುಡುಗಿ ಮುಂದೆ ಒಳ್ಳೆಯ ವೈದ್ಯೆ ಆಗುತ್ತಾಳೆ ಎಂದು ನನಗೆ ಅನಿಸಿದ್ದೇ ಆಗ. "ಇದನ್ನ ಯಾರೂ ನಿಮಗ ಹೇಳಿಲ್ಲರಿ," ಎಂದು ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಕೂತರು. ಸುಮ್ಮನಿರುವಾಗ ತುಟಿ ಮುಚ್ಚಿರಬೇಕು, ಹಲ್ಲಿನ ನಡುವೆ ಚೂರು ಸಂದು ಇರಬೇಕು, ನಾಲಿಗೆ ಮೇಲಿನ ಹಲ್ಲಿನ ಹಿಂದೆ ಅಂಗುಳಕ್ಕೆ ಆನಿಸಿಕೊಂಡಿರಬೇಕು. ಅಗಿಯುವಾಗ, ನುಂಗುವಾಗ ಹಲ್ಲು ತಾಗುತ್ತವೆ, ಅಷ್ಟೇ. ದಿನವಿಡೀ ಒತ್ತಿ ಹಿಡಿದರೆ ಆ ಭಾರವೆಲ್ಲ ಗಲ್ಲದ ಸ್ನಾಯುಗಳ ಮೇಲೆ, ಕಿವಿಯ ಮುಂದಿರುವ ಕೀಲಿನ ಮೇಲೆ ಬೀಳುತ್ತದೆ. ವೈನಿ ಬೆರಳಿನಿಂದ ತಮ್ಮ ಗಲ್ಲ ಮುಟ್ಟಿಕೊಂಡರು. ನಲವತ್ತು ದಾಟಿದ ಹೆಂಗಸಿಗೆ ತನ್ನ ಬಾಯಿಯ ಬಗ್ಗೆ ಹೀಗೊಂದು ಪ್ರಶ್ನೆ ಎದುರಾದದ್ದು ಅದೇ ಮೊದಲು.

ನೋವು ಶುರುವಾದದ್ದು ಸಂಕ್ರಾಂತಿಯ ಹೊತ್ತಿಗೆ, ಕಿವಿನೋವಾಗಿ. ಕಿವಿ ನೋಡಿದವರು ಕಿವಿ ಚೆನ್ನಾಗಿದೆ ಎಂದರು. ಊರಿನ ಹಲ್ಲಿನ ಡಾಕ್ಟರು ಬುದ್ಧಿಹಲ್ಲು ಕಿತ್ತರು. ನೋವು ಹಾಗೇ ಉಳಿಯಿತು. ಆಮೇಲೆ ಪಕ್ಕದ ದವಡೆ ಹಲ್ಲಿಗೆ ರೂಟ್ ಕೆನಾಲ್. ಆಗಲೂ ಉಳಿಯಿತು. ಆ ಹಳೆಯ ಎಕ್ಸ್‌ರೇಯನ್ನು ಈ ಹುಡುಗಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ಏನೂ ಹೇಳದೆ ಮೇಜಿನ ಮೇಲಿಟ್ಟರು. ಇನ್ನೊಬ್ಬ ವೈದ್ಯರ ಬಗ್ಗೆ ರೋಗಿಯೆದುರು ಮಾತಾಡಬಾರದೆಂಬ ಸಂಯಮ ಅದು, ಗೌರವಿಸುತ್ತೇನೆ. ಆದರೆ ನನಗೆ ಆ ಸಂಯಮ ಬೇಕಿಲ್ಲ. ಹಲ್ಲು ಕೀಳುವ ಮೊದಲು ಆ ಮನುಷ್ಯ ಗಲ್ಲದ ಮೇಲೆ ಒಮ್ಮೆ ಬೆರಳು ಒತ್ತಿ ನೋಡಿದ್ದರೂ ಸಾಕಿತ್ತು.

ಏಕೆಂದರೆ ಇಲ್ಲಿ ಆದದ್ದು ಅಷ್ಟೇ. ಗಲ್ಲದ ಆ ಗಟ್ಟಿ ಸ್ನಾಯುವನ್ನು, ಮ್ಯಾಸಿಟರ್ ಅನ್ನುತ್ತಾರೆ, ಡಾಕ್ಟರು ಒಂದೊಂದೇ ಜಾಗದಲ್ಲಿ ಒತ್ತುತ್ತ ಬಂದರು. ಒಂದು ಕಡೆ ಒತ್ತಿದಾಗ ವೈನಿ ಕುರ್ಚಿಯಿಂದ ಎದ್ದೇಬಿಟ್ಟರು. "ಇದ ನೋವು, ಇದs! ಹಲ್ಲಿನ್ಯಾಗ ಬಂತು, ಕಿವ್ಯಾಗ ಬಂತು!" ಸ್ನಾಯು ಒತ್ತಿದರೆ ಹಲ್ಲು ನೋಯುತ್ತದೆ. ಹಲ್ಲಿಗೂ ದವಡೆಯ ಸ್ನಾಯುಗಳಿಗೂ ಕೀಲಿಗೂ ಕಿವಿಯ ಸುತ್ತಲಿಗೂ ಸುದ್ದಿ ಒಯ್ಯುವುದು ಹೆಚ್ಚಾಗಿ ಒಂದೇ ನರ, ಐದನೇ ಕಪಾಲ ನರ. ನೋವು ಹುಟ್ಟುವ ಜಾಗ ಒಂದು, ಕಾಣಿಸಿಕೊಳ್ಳುವ ಜಾಗ ಇನ್ನೊಂದು.

ಬಾಯಿ ತೆರೆದಾಗ ಕೇಳುವ 'ಕಟ್' ಸದ್ದಿನ ಬಗ್ಗೆ ನಾನೇ ಕೇಳಿದೆ. ಕೆಳದವಡೆಯ ಗುಂಡಗಿನ ತುದಿಗೂ ತಲೆಬುರುಡೆಗೂ ನಡುವೆ ಒಂದು ಪುಟ್ಟ ಮೆತ್ತೆಯಿದೆ, ಅದು ತುಸು ಮುಂದೆ ಜಾರಿ ಬಾಯಿ ತೆರೆಯುವಾಗ ಮರಳಿ ಕೂತರೆ ಆ ಸದ್ದು ಬರುತ್ತದೆ ಎಂದರು. ನೋವಿಲ್ಲದೆ ಸದ್ದು ಮಾತ್ರ ಇದ್ದರೆ ಚಿಕಿತ್ಸೆಯೇ ಬೇಡ. ಬಾಯಿ ಅರ್ಧಕ್ಕೇ ಸಿಕ್ಕಿಬಿದ್ದರೆ ಮಾತ್ರ ತಡಮಾಡದೆ ಬರಬೇಕು. ವೈನಿಯ ಬಾಯಲ್ಲಿ ಅವರದೇ ಮೂರು ಬೆರಳು ಒಂದರ ಮೇಲೊಂದು ಹಿಡಿಸಿದವು, ಅಂದರೆ ಬಾಯಿ ಸರಿಯಾಗಿಯೇ ತೆರೆಯುತ್ತಿದೆ. ಅಡಿಕೆ, ಗುಟ್ಕಾ ಹಾಕುತ್ತೀರಾ ಎಂದು ಕೇಳಿ ಗಲ್ಲದ ಒಳಗೂ ನೋಡಿದರು. ನಮ್ಮ ಕಡೆ ಬಾಯಿ ತೆರೆಯಲಾಗದೆ ಬರುವ ಎಷ್ಟೋ ಜನರದು ಕೀಲಿನ ತೊಂದರೆಯೇ ಅಲ್ಲ. ಅಡಿಕೆಯಿಂದ ಗಲ್ಲದ ಒಳಪದರ ಬೆಳ್ಳಗಾಗಿ ಬಿಗಿದುಕೊಂಡಿರುತ್ತದೆ, ಅದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ದವಡೆ ನೋವಿನ ಹಿಂದೆ ಬೇರೆ ಕಾಯಿಲೆಗಳೂ ಇರಬಹುದು ಎಂದರು. ಎದೆಯ ಬಿಗಿತದ ಜತೆ ದವಡೆ ನೋವು ಬಂದರೆ ಹೃದಯ ನೋಡಿಸಬೇಕು. ಐವತ್ತು ದಾಟಿದವರಿಗೆ ಹೊಸದಾಗಿ ತಲೆನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ದೃಷ್ಟಿ ಹೋಗುವ ಅಪಾಯವಿದೆ.

ಚಿಕಿತ್ಸೆ ಎಂದು ಬರೆದುಕೊಟ್ಟದ್ದು ಒಂದು ಹಾಳೆ. ನಾಲ್ಕಾರು ದಿನಕ್ಕೆ ನೋವಿನ ಗುಳಿಗೆ. ಬಿಸಿನೀರಲ್ಲಿ ಹಿಂಡಿದ ಬಟ್ಟೆಯ ಶಾಖ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿಟ್ಟು ನಿಧಾನವಾಗಿ ಬಾಯಿ ತೆರೆದು ಮುಚ್ಚುವುದು. ಆಕಳಿಸುವಾಗ ಗದ್ದಕ್ಕೆ ಕೈ ಕೊಡುವುದು. ಕೆಲವು ವಾರ ಮೆತ್ತಗಿನ ಊಟ. ವೈನಿ ಬ್ಲೌಸ್ ಹೊಲಿಯುತ್ತಾರೆ ಎಂದು ಗೊತ್ತಾದ ಮೇಲೆ ಇನ್ನೆರಡು ಮಾತು ಸೇರಿಸಿದರು: ದಾರವನ್ನು ಹಲ್ಲಿನಿಂದ ಕಡಿಯಬೇಡಿ, ಮಷೀನಿಗೆ ಒಂದು ಕೆಂಪು ಬಿಂದಿ ಅಂಟಿಸಿ, ಕಣ್ಣಿಗೆ ಬಿದ್ದಾಗಲೆಲ್ಲ ಹಲ್ಲು ಬಿಡಿಸಿ.

ಅಣ್ಣ ಹಾಳೆಯನ್ನು ತಿರುಗಿಸಿ ನೋಡಿದ. "ಸ್ಕ್ಯಾನ್ ಇಲ್ಲ, ಇಂಜೆಕ್ಷನ್ ಇಲ್ಲ. ಬಾಯಿ ಸಡಲ ಬಿಡ್ರಿ ಅಂತ ಹೇಳಾಕ ಅಷ್ಟು ದೂರ ಹೋಗಿದ್ರೇನು?"

ಅಣ್ಣ ಕೆಟ್ಟವನಲ್ಲ. ಹಲ್ಲು ಕೀಳಿಸಲು, ರೂಟ್ ಕೆನಾಲಿಗೆ ಮರುಮಾತಿಲ್ಲದೆ ದುಡ್ಡು ಕೊಟ್ಟವನು. ಏನಾದರೂ ಕಿತ್ತರೆ, ಕೊರೆದರೆ ಅದು ಅವನಿಗೆ ಚಿಕಿತ್ಸೆಯಾಗಿ ಕಾಣುತ್ತದೆ. ಅವನೊಬ್ಬನೇ ಅಲ್ಲ. ಅಮೆರಿಕದ ಕಿವಿ ಮೂಗು ಗಂಟಲು ವೈದ್ಯ ಜೇಮ್ಸ್ ಕಾಸ್ಟನ್ 1934ರಲ್ಲಿ 11 ರೋಗಿಗಳ ಬಗ್ಗೆ ಬರೆದು, ಅವರ ಕಿವಿಯ ತೊಂದರೆಗೆ ಹಿಂದಿನ ಹಲ್ಲು ಹೋಗಿ ದವಡೆ ಕುಸಿದದ್ದೇ ಕಾರಣ ಎಂದ. ಕಿವಿಯನ್ನೂ ದವಡೆಯನ್ನೂ ಸೇರಿಸಿ ನೋಡಿದ್ದು ದೊಡ್ಡ ಕೆಲಸವೇ, ಆದರೆ ಕೊಟ್ಟ ಕಾರಣ ನಿಲ್ಲಲಿಲ್ಲ. ಆಮೇಲೂ ದಶಕಗಳ ಕಾಲ ಈ ನೋವಿಗೆ ವೈದ್ಯರು ಹಲ್ಲನ್ನು ಅರೆದು ಸವೆಸಿದರು, ಕಚ್ಚುವ ರೀತಿಯನ್ನೇ ಬದಲಿಸಿದರು. 2023ರಲ್ಲಿ ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆಯಲ್ಲಿ ಬಂದ ಮಾರ್ಗಸೂಚಿ ದೀರ್ಘಕಾಲದ ದವಡೆ ನೋವಿಗೆ ಮುಂದಿಡುವುದು ದವಡೆಯ ವ್ಯಾಯಾಮ, ಕೈಯಿಂದ ಸ್ನಾಯು ಸಡಿಲಿಸುವುದು, ಮನಸ್ಸಿನ ಒತ್ತಡ ನಿಭಾಯಿಸಲು ಕಲಿಸುವ ಚಿಕಿತ್ಸೆ, ಧೈರ್ಯ ಹೇಳಿ ಮನೆಯಲ್ಲೇ ಆರೈಕೆ ಕಲಿಸುವುದು. ಕೀಲಿನ ಆ ಪುಟ್ಟ ಮೆತ್ತೆಯನ್ನು ಕತ್ತರಿಸಿ ತೆಗೆಯುವ ಆಪರೇಷನ್ ಬೇಡ ಎಂದು ಅದು ಖಡಾಖಂಡಿತವಾಗಿ ಹೇಳುತ್ತದೆ. ಆ ಹುಡುಗಿಯ ಹಾಳೆ ಇದಕ್ಕಿಂತ ದೂರವೇನೂ ಇರಲಿಲ್ಲ.

ಆದರೆ ಹಾಳೆಯಲ್ಲಿ ಎಲ್ಲಕ್ಕಿಂತ ಕಷ್ಟದ ಸಾಲು 'ಮೆತ್ತಗಿನ ಊಟ'. ಅದನ್ನು ನಾನು ಆ ರಾತ್ರಿ ಪಂಕ್ತಿಯಲ್ಲಿ ಕಂಡೆ. ಬಿಸಿ ರೊಟ್ಟಿ ಮೊದಲು ಅಪ್ಪನಿಗೆ, ಆಮೇಲೆ ಅಣ್ಣನಿಗೆ, ಮಕ್ಕಳಿಗೆ, ನನಗೆ. ಎಲ್ಲರದೂ ಮುಗಿದ ಮೇಲೆ ವೈನಿ ಬುಟ್ಟಿಯ ತಳದಿಂದ ಬೆಳಗಿನ ರೊಟ್ಟಿ ತೆಗೆದುಕೊಂಡರು. ಅದು ಕಟಕ್ ಅಂತ ಮುರಿಯಿತು. ವರ್ಷಗಟ್ಟಲೆ ಅವರು ತಿಂದದ್ದು ಅದನ್ನೇ. ಯಾರೂ ತಿನ್ನು ಅಂದಿಲ್ಲ, ಯಾರೂ ಬೇಡವೂ ಅಂದಿಲ್ಲ. ಆ ಹಾಳೆ ಕೇಳುತ್ತಿರುವುದು ವೈನಿಯನ್ನಲ್ಲ, ನಮ್ಮ ಮನೆಯನ್ನು. ಗುಳಿಗೆಯನ್ನು ಅವರೊಬ್ಬರೇ ನುಂಗಬಹುದು. ಬಿಸಿ ರೊಟ್ಟಿ ಅವರ ತಾಟಿಗೆ ಬೀಳಬೇಕಾದರೆ ಒಲೆಯ ಮುಂದೆ ಇನ್ನೊಬ್ಬರು ಕೂಡಬೇಕು.

"ತಾಗಲಾರ್ದ ಮತ್ತೆಲ್ಲಿ ಇರ್ತಾವ್ರೀ?" ಮೊದಲು ಕೇಳಿದಾಗ ಅದು ಗೊತ್ತಿಲ್ಲದವರ ಮಾತು ಅನಿಸಿತ್ತು. ಈಗ ಹಾಗನಿಸುವುದಿಲ್ಲ. ಸಡಿಲವಾಗಿ ಇರುವುದು ಹೇಗೆಂದು ನೋಡಲು ಅವರಿಗೆ ಬಿಡುವು ಯಾವಾಗ ಸಿಕ್ಕಿತ್ತು? ಮರುದಿನ ಅವರು ಹೊಲಿಯುವಾಗ ಪಕ್ಕದಲ್ಲಿ ಕೂತು ನೋಡಿದೆ. ತಿರುವು ಬಂದಾಗಲೆಲ್ಲ ಗಲ್ಲದಲ್ಲಿ ಗಂಟು ಎದ್ದು ಕಾಣುತ್ತಿತ್ತು. ಅಡುಗೆಮನೆಯಿಂದ ಯಾರಾದರೂ ಕೂಗಿದಾಗಲೂ ಕಾಣುತ್ತಿತ್ತು.

ಅಣ್ಣನಿಗೆ ನೇರವಾಗಿಯೇ ಹೇಳಿದ್ದೇನೆ: ಹಾಳೆಯಲ್ಲಿ ಬರೆದಿರುವ ವಾರಗಳು ಮುಗಿಯುವವರೆಗೆ ರಾತ್ರಿ ವೈನಿ ಮೊದಲ ಪಂಕ್ತಿಯಲ್ಲಿ ಕೂಡಬೇಕು, ರೊಟ್ಟಿ ನಾನು ಬಡಿಯುತ್ತೇನೆ, ನಾನು ಊರಿಗೆ ಹೋದ ಮೇಲೆ ಅನ್ನ ಸಾರಾದರೂ ನೀನು ಮಾಡು. ಮುಂದಿನ ಸಲ ಓಪಿಡಿಗೆ ಅವನೂ ಬರಬೇಕು. ಆ ಹುಡುಗಿ ಗಲ್ಲ ಒತ್ತಿದಾಗ ತನ್ನ ಹೆಂಡತಿ ಕುರ್ಚಿಯಿಂದ ಎದ್ದದ್ದನ್ನು ಅವನು ನೋಡಿಲ್ಲ.