‘ಪುಸ್ತಕ ಬಂತಂತೆ, ಎಷ್ಟು ಬಂತು?’

ಮದುವೆಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಹಪ್ಪಳ ಮುರಿಯುತ್ತಾ ಕೇಳುವ ಪ್ರಶ್ನೆ ಇದು. ಮೊದಲನೆಯ ‘ಬಂತು’ ಪುಸ್ತಕದ್ದು, ಎರಡನೆಯದು ದುಡ್ಡಿನದು. 2025ರಲ್ಲಿ ಬಾನು ಮುಷ್ತಾಕ್ ಮತ್ತು ಅನುವಾದಕಿ ದೀಪಾ ಭಾಸ್ತಿ ಕಥಾಸಂಕಲನಕ್ಕೆ ಅಂತರರಾಷ್ಟ್ರೀಯ ಬೂಕರ್ ಪಡೆದು 50,000 ಪೌಂಡ್ ಹಂಚಿಕೊಂಡ ಮೇಲಂತೂ ಕೇಳುವವರ ದನಿಗೆ ಬಲ ಬಂದಿದೆ. ಆ ಕಥೆಗಳ ಹಿಂದೆ ಮೂವತ್ತು ವರ್ಷಗಳ ಬರವಣಿಗೆ ಇದೆ ಎಂಬುದು ಹಪ್ಪಳದ ಸದ್ದಿನಲ್ಲಿ ಕೇಳಿಸುವುದಿಲ್ಲ.

ನನ್ನ ಕಥಾಸಂಕಲನದ ಲೆಕ್ಕ ಹೇಳಿಬಿಡುತ್ತೇನೆ. ಡೆಮಿ ಆಕಾರದ 128 ಪುಟ, ಹದಿನಾರು ಪುಟಕ್ಕೊಂದರಂತೆ ಎಂಟು ಫಾರಂ. ಬೆಲೆ 150 ರೂಪಾಯಿ, ಅಚ್ಚಾದದ್ದು 500 ಪ್ರತಿ. ಶೇಕಡಾ 10ರಂತೆ ಗೌರವಧನ 7,500 ರೂಪಾಯಿ. ಅದನ್ನೂ ಪ್ರಕಾಶಕರು ಪುಸ್ತಕದ ರೂಪದಲ್ಲೇ ಕೊಟ್ಟರು: ಐವತ್ತು ಪ್ರತಿ, ದಾರ ಬಿಗಿದ ಎರಡು ಕಟ್ಟು. ಲೆಕ್ಕ ಚುಕ್ತಾ. ಮಂಚದ ಕೆಳಗಿಟ್ಟು ಕೇಳಿದವರಿಗೆಲ್ಲ ಪುಕ್ಕಟೆ ಹಂಚಿದೆ. ‘ಓದಿ ಹೇಳುತ್ತೇನೆ’ ಎಂದವರು ಈಗ ಬಸ್ ನಿಲ್ದಾಣದಲ್ಲಿ ನನ್ನನ್ನು ಕಂಡರೆ ಮೊಬೈಲನ್ನು ಕಿವಿಗಿಟ್ಟುಕೊಳ್ಳುತ್ತಾರೆ.

ಅದಕ್ಕೂ ಮೊದಲು ಹನ್ನೊಂದು ವರ್ಷ ಪತ್ರಿಕೆಗಳಿಗೆ ಕಥೆ ಕಳಿಸಿದ್ದೆ, ಜೊತೆಗೆ ಅಂಚೆಚೀಟಿ ಹಚ್ಚಿದ ಸ್ವವಿಳಾಸದ ಲಕೋಟೆ. ನನ್ನದೇ ಕೈಬರಹದ ಲಕೋಟೆ ಗೇಟಿನಲ್ಲಿ ಕಂಡರೆ ಒಡೆದು ನೋಡುವ ಅಗತ್ಯವಿರಲಿಲ್ಲ, ಒಳಗೆ ವಿಷಾದಪತ್ರ. ‘ನಿಮಗೆ ನೀವೇ ಕಾಗದ ಬರೆದುಕೊಳ್ಳುತ್ತೀರಾ ಸಾರ್?’ ಎಂದು ಅಂಚೆಯವರು ಒಮ್ಮೆ ಕೇಳಿಯೂಬಿಟ್ಟರು. ಈಗ ಎಲ್ಲವೂ ಇಮೇಲ್, ವಿಷಾದವೂ ಬರುವುದಿಲ್ಲ. ಕೊನೆಗೊಂದು ದೀಪಾವಳಿ ವಿಶೇಷಾಂಕದ ಸ್ಪರ್ಧೆಯಲ್ಲಿ ಮೆಚ್ಚುಗೆ ಪಡೆದ ಕಥೆಯೇ ಸಂಕಲನಕ್ಕೆ ದಾರಿಯಾಯಿತು.

ಕರಡನ್ನು ಮೂರು ಸಲ ತಿದ್ದಿದ್ದೆ. ಆದರೂ 47ನೇ ಪುಟದಲ್ಲಿ, ಗಂಡನನ್ನು ಮಣ್ಣು ಮಾಡಿ ಬಂದ ನಿಂಗಮ್ಮ ಜಗುಲಿಯ ಮೇಲೆ ಕೂತಿರುವಲ್ಲಿ, ‘ಕೆನ್ನೆಯ ಮೇಲೆ ಕಣ್ಣೀರು ಇಳಿಯಿತು’ ಎಂಬುದು ‘ತಣ್ಣೀರು ಇಳಿಯಿತು’ ಎಂದು ಅಚ್ಚಾಗಿತ್ತು. ಹೊಸ ಪುಸ್ತಕದ ಅಂಟಿನ ವಾಸನೆ ಮೂಸುತ್ತಾ ತೆರೆದಾಗ ಮೊದಲು ಕಣ್ಣಿಗೆ ಬಿದ್ದದ್ದೇ ಅದು. ರಾತ್ರಿಯೇ ಕೂತು ಐವತ್ತೂ ಪ್ರತಿಗಳಲ್ಲಿ ನೀಲಿ ಪೆನ್ನಿನಿಂದ ‘ತ’ ಹೊಡೆದು ‘ಕ’ ಬರೆದೆ. ಉಳಿದ 450 ಹಾಗೆಯೇ ಹೋದವು.

ಆರು ತಿಂಗಳ ಮೇಲೆ ಗುರುತಿಲ್ಲದ ನಂಬರಿನಿಂದ ಕರೆ. ಹಾವೇರಿ ಕಡೆಯ ನಿವೃತ್ತ ಮೇಷ್ಟರು. ಊರಿನ ಗ್ರಂಥಾಲಯದಲ್ಲಿ ಪುಸ್ತಕ ಸಿಕ್ಕಿತಂತೆ, ನಿಂಗಮ್ಮನ ಕಥೆಯನ್ನು ಹೆಂಡತಿಗೂ ಓದಿ ಹೇಳಿದರಂತೆ.

‘ಕಣ್ಣೀರು ಎಂದು ಎಲ್ಲರೂ ಬರೆಯುತ್ತಾರೆ. ನೀವು ತಣ್ಣೀರು ಎಂದಿರಲ್ಲ! ಅತ್ತು ಅತ್ತು ಬಿಸಿ ಆರಿದ ಮೇಲಿನ ನೀರು ಅದು. ಹೇಗೆ ಹೊಳೆಯಿತು?’

‘ಹಾಗೇ ಬಂತು’ ಎಂದೆ. ಸುಳ್ಳೇನಲ್ಲ.

ಎರಡನೇ ಮುದ್ರಣ ಎಂಬುದೊಂದು ಆದರೆ ಆ ಅಕ್ಷರ ತಿದ್ದಬೇಕೋ ಬಿಡಬೇಕೋ ಇನ್ನೂ ತೀರ್ಮಾನಿಸಿಲ್ಲ. ಮಂಚದ ಕೆಳಗೆ ಉಳಿದ ಹದಿನಾಲ್ಕು ಪ್ರತಿಗಳಲ್ಲಂತೂ ನೀಲಿ ‘ಕ’ ಹಾಗೆಯೇ ಇದೆ.